ನಾಲ್ಕು ಬಳೆ, ಒಂದು ಬೇಲಿ

ನನಗೊಂದು ಕೆಟ್ಟ ಚಾಳಿಯಿದೆ. ನನ್ನ ಬಲಗೈಯ ತೋರುಬೆರಳು ಸುಮ್ಮನಿರುವುದಿಲ್ಲ. ಕೂತಲ್ಲಿ, ನಿಂತಲ್ಲಿ ಸೊನ್ನೆ ಸುತ್ತುತ್ತದೆ. ನೀರಿನ ಚೊಂಬು ಎತ್ತಿದ ಜಾಗದಲ್ಲಿ ಒದ್ದೆ ಗುರುತು ಗುಂಡಗೆ ಕಂಡರೆ ಸಾಕು, ಅದಕ್ಕೆ ತಗಲುವಂತೆ ಇನ್ನೊಂದು, ಎರಡಕ್ಕೂ ತಗಲದಂತೆ ಮತ್ತೊಂದು ಬರೆಯುವ ತನಕ ನನಗೆ ಸಮಾಧಾನವಿಲ್ಲ. ಮದುವೆಮನೆಯ ಊಟದಲ್ಲಿ ಎಲೆಯ ಮೇಲೆ ಸಾರಿನಿಂದ ಬರೆದು ಬೀಗರ ಎದುರು ನಗೆಪಾಟಲಾಗಿದ್ದೇನೆ. ಹಿಟ್ಟು ಹರಡಿದ ಹರಿವಾಣದ ಹತ್ತಿರ ನನ್ನ ಹೆಂಡತಿ ನನ್ನನ್ನು ಕೂರಗೊಡುವುದಿಲ್ಲ. "ಹಿಟ್ಟು ತಿನ್ನಕ್ಕೆ, ಬರಿಯಕ್ಕಲ್ಲ" ಎನ್ನುತ್ತಾಳೆ. ಗೊತ್ತಿಲ್ಲದವರು ಇದನ್ನು ಮಾಟವೆಂದು ತಿಳಿದು ದೂರ ಸರಿಯುತ್ತಾರೆ. ಗೊತ್ತಿರುವವರು ತಲೆ ಸರಿಯಿಲ್ಲವೆಂದು ತಿಳಿದು ದೂರ ಸರಿಯುತ್ತಾರೆ. ನಿಮಗಾದರೂ ನಿಜ ಹೇಳಿಬಿಡುತ್ತೇನೆ: ಇದು ತರ್ಕಶಾಸ್ತ್ರ.

ಚಾಳಿ ಹತ್ತಿದ್ದು ಮಧುರೆಯಲ್ಲಿ, ನಾನು ಕಾಲೇಜಿನ ಮೊದಲ ಮೆಟ್ಟಿಲಾದ ಎಫ್.ಎ. ಓದುತ್ತಿದ್ದಾಗ. ನಮ್ಮದು ಕಂಬಂ ಕಣಿವೆ, ಕೊಂಬೈಯ ಪಕ್ಕದ ಒಂದು ಸಣ್ಣ ಊರು. ಹಿರಿಯರು ಯಾವ ಕಾಲದಲ್ಲೋ ಕನ್ನಡ ಸೀಮೆಯಿಂದ ದನ ಹೊಡೆದುಕೊಂಡು ಬಂದವರಂತೆ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಆ ಕನ್ನಡವನ್ನು ಕಾಗದದ ಮೇಲೂ ಇಡಬಹುದೆಂದು ನನಗೆ ತಿಳಿಸಿದವನು ಮೈಸೂರು ಕಡೆಯ ಒಬ್ಬ ಸಹಪಾಠಿ. ನನ್ನ ಮಾತು ಕೇಳಿದಾಗಲೆಲ್ಲ, ತನ್ನ ಮುತ್ತಜ್ಜಿ ತಮಿಳು ಕಲಿತ ಹಾಗಿದೆ ಎಂದು ಅವನು ಬಿದ್ದು ಬಿದ್ದು ನಗುತ್ತಿದ್ದ. ನಗುತ್ತಲೇ ಅಕ್ಷರ ಕಲಿಸಿದ. ಈಗ ನಿಮ್ಮ ಮುಂದಿರುವ ಬರಹ ಅವನ ನಗೆಯ ಫಲ.

ಎಫ್.ಎ. ತರಗತಿಗೆ ತರ್ಕ ಇರಲಿಲ್ಲ. ಅದು ಮೇಲಿನ ತರಗತಿಯವರಿಗೆ. ಆದರೆ ನನ್ನ ಕಾಲಿಗೂ ಬೆರಳಿನದೇ ರೋಗ. ನನ್ನ ತರಗತಿಯಲ್ಲಿ ಕೂರಲಾರದೆ ಎದ್ದುಹೋಗಿ ಮೇಲಿನವರ ತರಗತಿಯ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದೆ. ಅಲ್ಲಿ ಒಬ್ಬ ಮೇಷ್ಟ್ರು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ವೃತ್ತ ಬರೆಯುತ್ತಿದ್ದರು. ಯೂರೋಪಿನ ಒಬ್ಬ ದೊಡ್ಡ ಗಣಿತದ ಪಂಡಿತ ಒಬ್ಬಳು ರಾಜಕುಮಾರಿಗೆ ಪತ್ರದ ಮೂಲಕ ಪಾಠ ಹೇಳುತ್ತಿದ್ದನಂತೆ. ಮಾತಿನಲ್ಲಿ ಬಿಡಿಸಲಾಗದ ಗಂಟನ್ನು ಅವನು ಗುಂಡು ಗೆರೆಯಲ್ಲಿ ಬಿಡಿಸಿದ. ಹಸುಗಳೆಲ್ಲ ಒಂದು ವೃತ್ತದೊಳಗೆ. ಬಿಳಿಯ ಪ್ರಾಣಿಗಳೆಲ್ಲ ಇನ್ನೊಂದರೊಳಗೆ. ಎರಡೂ ಒಂದರ ಮೇಲೊಂದು ಬಿದ್ದ ಕಡೆ ಬಿಳಿಯ ಹಸು. ಬಿಳಿಯ ಕಾಗೆಯೇ ಇಲ್ಲವೆನ್ನುವುದಾದರೆ ಕಾಗೆಯ ವೃತ್ತವನ್ನು ಬಿಳಿಯ ವೃತ್ತದಿಂದ ದೂರ ಬರೆದರಾಯಿತು. ಇಷ್ಟೇ. ರಾಜಕುಮಾರಿಗೆ ತಿಳಿಯಿತೋ ಇಲ್ಲವೋ, ಹಿಂದಿನ ಬೆಂಚಿನಲ್ಲಿದ್ದ ನನಗೆ ಮೈ ಜುಮ್ಮೆಂದಿತು.

ಆಮೇಲೆ ಮೇಷ್ಟ್ರು ಇನ್ನೊಬ್ಬ ಪಂಡಿತನ ವಿಷಯ ತೆಗೆದರು. ಇವನು ಇಂಗ್ಲೆಂಡಿನವನು, ಜೋಡು ಹೊಲಿಯುವವನ ಮಗ. ಲೋಕದ ಮಾತನ್ನೆಲ್ಲ ಇವನು ಬೀಜಗಣಿತ ಮಾಡಿಬಿಟ್ಟ. ನಿಜವಾದರೆ ಒಂದು, ಸುಳ್ಳಾದರೆ ಸೊನ್ನೆ. ಮಧ್ಯೆ ಏನೂ ಇಲ್ಲ. ಮಾತು ಎಷ್ಟೇ ಉದ್ದವಿರಲಿ, ಅದನ್ನು ಹಿಡಿದು ನಿಲ್ಲಿಸಿರುವುದು ಮೂರೇ ಮೊಳೆ: 'ಮತ್ತು', 'ಅಥವಾ', 'ಅಲ್ಲ'. ವೃತ್ತದ ಲೆಕ್ಕದಲ್ಲಿ 'ಮತ್ತು' ಎಂದರೆ ಎರಡೂ ಸೇರಿದ ಜಾಗ, 'ಅಥವಾ' ಎಂದರೆ ಎರಡರ ಇಡೀ ಜಾಗ, 'ಅಲ್ಲ' ಎಂದರೆ ಗೆರೆಯ ಹೊರಗು. ಸರ್ಕಾರದ ಕಾನೂನು, ಅತ್ತೆ ಸೊಸೆಗೆ ಹಾಕುವ ಕಟ್ಟಳೆ, ವೈದ್ಯ ಹೇಳುವ ಪಥ್ಯ, ಎಲ್ಲವನ್ನೂ ಹೀಗೆ ಗುಂಡಗೆ ಬರೆದುಬಿಡಬಹುದು. ನಾನು ಬರೆದೆ ಕೂಡ. ಹಾಸ್ಟೆಲಿನ ಗೋಡೆ ತುಂಬ ಬರೆದು ಬೈಸಿಕೊಂಡೆ.

ಎರಡು ವೃತ್ತ ಸಲೀಸು. ಮೂರೂ ಸಲೀಸು. ನಾಲ್ಕಕ್ಕೆ ಬಂದಾಗ ತೊಂದರೆ. ನಾಲ್ಕು ಗುಣಗಳನ್ನು ಇದೆ, ಇಲ್ಲ ಎಂದು ಕೂಡಿಸುತ್ತ ಹೋದರೆ ಹದಿನಾರು ಬಗೆಯಾಗುತ್ತದೆ. ಹದಿನಾರು ಕೋಣೆ ಬೇಕು. ಬೇಸಿಗೆ ರಜೆಯಲ್ಲಿ ಊರಿಗೆ ಬಂದವನು ಅಪ್ಪತ್ತಾಳ ಬಳೆಗಳನ್ನು ಕೇಳಿ ತೆಗೆದುಕೊಂಡು (ಅಪ್ಪತ್ತಾ ಎಂದರೆ ಅಪ್ಪನ ತಾಯಿ) ಜಗಲಿಯ ಮೇಲೆ ಇಟ್ಟು, ತೆಗೆದು, ಜರುಗಿಸಿ, ತಲೆಕೆಳಗು ಮಾಡಿ ನೋಡಿದೆ. ಹೇಗೆ ಇಟ್ಟರೂ ಹೊರಗಿನದೂ ಸೇರಿ ಹದಿನಾಲ್ಕೇ ಕೋಣೆ. ಎರಡು ಕೋಣೆ ಎಲ್ಲಿಗೆ ಹೋದವು? ದೊಡ್ಡ ಬಳೆ ತಂದೆ, ಚಿಕ್ಕ ಬಳೆ ತಂದೆ. ಹದಿನಾಲ್ಕೇ. ಆ ಎರಡು ಕೋಣೆಗಳು ನನ್ನ ಊಟ ಕೆಡಿಸಿದವು. ವೃತ್ತ ಬಿಟ್ಟು ಬೇರೆ ಆಕಾರ ಬರೆಯದೆ ಅದು ಆಗುವ ಕೆಲಸವೇ ಅಲ್ಲವೆಂದು ತಿಳಿಯುವ ಹೊತ್ತಿಗೆ ಪರೀಕ್ಷೆ ಮುಗಿದು, ತೇರ್ಗಡೆಯಾದವರ ಪಟ್ಟಿ ಬಂದಿತ್ತು. ಪಟ್ಟಿಯ ವೃತ್ತದೊಳಗೆ ನಾನಿರಲಿಲ್ಲ.

ಹೀಗೆ ಓದು ಬಿಟ್ಟು ಊರಿಗೆ ಬಂದೆ. ಓದಿದವನೆಂದು ಯಾರೂ ನೇಗಿಲ ಮೇಣಿ ಮುಟ್ಟಗೊಡಲಿಲ್ಲ; ತೇರ್ಗಡೆಯಾಗಲಿಲ್ಲವೆಂದು ಯಾರೂ ಕೆಲಸ ಕೊಡಲಿಲ್ಲ. ಬೆಳಿಗ್ಗೆ ಎದ್ದು ಚಿನ್ನಮನೂರಿನ ದಾರಿ ಹಿಡಿಯುತ್ತಿದ್ದೆ, ಅರ್ಧ ದಾರಿಯಲ್ಲಿ ಅಲ್ಲೇನು ಕೆಲಸವೆಂದು ನೆನಪಾಗದೆ ತಿರುಗಿ ಬರುತ್ತಿದ್ದೆ. ಬಂದು ಬೂದಿಯಲ್ಲಿ ಸೊನ್ನೆ ಸುತ್ತುತ್ತಿದ್ದೆ. ಅಪ್ಪತ್ತಾ ಸುಮ್ಮನಿರುವವಳಲ್ಲ. "ರಂಗಾ, ಹಾಲು ಕರಿಯೋ ಹಂಗಿಲ್ಲ, ಏರಿಗೆ ಕಟ್ಟೋ ಹಂಗಿಲ್ಲ, ಬೈಯೋ ಹಂಗೂ ಇಲ್ಲ. ನೀನು ತಂಬಿರಾನ್ ದನಾನೇ ದಾ" ಎಂದಳು ಒಂದು ದಿನ. ಇದನ್ನು ನೀವು ಬೈಗುಳವೆಂದು ತಿಳಿಯಬೇಕೋ ಹೊಗಳಿಕೆಯೆಂದು ತಿಳಿಯಬೇಕೋ ಗೊತ್ತಾಗಬೇಕಾದರೆ ತಂಬಿರಾನ್ ದನ ಎಂದರೇನೆಂದು ಹೇಳಬೇಕು.

ತಂಬಿರಾನ್ ಎಂದರೆ ಒಡೆಯ, ದೇವರು. ನಮ್ಮ ಜನಕ್ಕೆ ಸೇರಿದ ಒಂದು ಮಂದೆ ದೇವರದು. ಆ ಹಸುಗಳ ಹಾಲು ಕರೆಯುವುದಿಲ್ಲ. ಅದೆಲ್ಲ ಕರುವಿನ ಪಾಲು. ಎತ್ತು ಮಾಡಿ ನೊಗಕ್ಕೆ ಹೂಡುವುದಿಲ್ಲ. ಮಾರುವುದಿಲ್ಲ. ಸತ್ತರೆ ಮನುಷ್ಯರಿಗೆ ಮಾಡುವಂತೆ ಗುಂಡಿ ತೋಡಿ ಮಣ್ಣು ಮಾಡುತ್ತೇವೆ. ಮಂದೆಗೆ ಒಂದು ಪಟ್ಟದ ಹೋರಿ. ಅದು ಸತ್ತರೆ ಮುಂದಿನದನ್ನು ನಾವು ಆರಿಸುವುದಿಲ್ಲ. ಜನವೆಲ್ಲ ಸೇರಿ, ಕರ್ಪೂರ ಹಚ್ಚಿ, ಮಂದೆಯ ಮುಂದೆ ಕಬ್ಬಿನ ಹೊರೆ ಇಟ್ಟು ಕಾಯುತ್ತೇವೆ. ಯಾವ ಹೋರಿ ತಾನಾಗಿ ಬಂದು ಮೊದಲು ಕಬ್ಬಿಗೆ ಬಾಯಿ ಹಾಕುತ್ತದೋ ಅದಕ್ಕೆ ಅರಿಸಿನ ಕುಂಕುಮ, ಹಾರ, ಪಟ್ಟ. ಆ ದಿನದಿಂದ ಅದನ್ನು ಯಾರೂ ಅಟ್ಟುವಂತಿಲ್ಲ, ಕೋಲು ಎತ್ತುವಂತಿಲ್ಲ. ಅದು ಹೆಜ್ಜೆಯಿಟ್ಟ ಕಡೆ ಮಂದೆ ಹೋಗುತ್ತದೆ.

ಮಂದೆ ಕಾಯುವವನು ಕಿಲಾರಿ. ಆಗ ಕಿಲಾರಿಯಾಗಿದ್ದವನು ಬೊಮ್ಮಯ್ಯ ಮಾಮ. ಕಡ್ಡಿಯಂಥ ಮೈ, ಹೆಗಲ ಮೇಲೆ ಕಂಬಳಿ, ಹಿಂದೆ ಒಂದು ಕೆಂದು ಬಣ್ಣದ ಕೊಂಬೈ ನಾಯಿ. ಕಿಲಾರಿಗೆ ಒಂದು ಕಟ್ಟಳೆಯಿತ್ತು: ಮಂದೆ ಹೊಟ್ಟೆ ತುಂಬ ಮೇಯದೆ ಅವನು ಅನ್ನ ಮುಟ್ಟುವಂತಿಲ್ಲ. ಸಂಜೆ ಅವನ ಮಗಳು ಗಂಜಿಯ ಮಡಕೆ ಹೊತ್ತು ದೊಡ್ಡಿಗೆ ಹೋಗುವಳು. ದನಗಳ ಹೊಟ್ಟೆಯನ್ನು ಒಂದೊಂದಾಗಿ ತಟ್ಟಿ ನೋಡಿ, ಆಮೇಲೆ ಅವನು ಮಡಕೆಗೆ ಕೈ ಹಾಕುವನು. ಈ ಕಟ್ಟಳೆ ಯಾರಿಗೂ ಎಂದೂ ಭಾರವಾಗಿರಲಿಲ್ಲ. ಸುಗ್ಗಿ ಮುಗಿದ ಮೇಲೆ ಬಯಲ ತುಂಬ ಕೂಳೆ ಇರುತ್ತಿತ್ತು. ಬೇಸಿಗೆ ಬಲಿತ ಮೇಲೆ ಮೇಲಿನ ಬೆಟ್ಟವಿತ್ತು.

ನಾನು ಹೇಳುತ್ತಿರುವುದು ಪೆರಿಯಾರ್ ನದಿಯ ನೀರು ಬೆಟ್ಟ ಕೊರೆದ ಸುರಂಗದಿಂದ ನಮ್ಮ ಕಣಿವೆಗೆ ಇಳಿದ ಮರುವರ್ಷದ ಮಾತು. ಹೊಳೆಯ ಎರಡೂ ಬದಿಯ ಬಯಲಿನಲ್ಲಿ ಒಂದು ಬೆಳೆ ಹೋಗಿ ಎರಡು ಬೆಳೆಯಾಯಿತು. ಎಲ್ಲರ ಮುಖದಲ್ಲೂ ಕಳೆ ಬಂತು. ದನಗಳಿಗೆ ಮಾತ್ರ ಮೇಯಲು ಕೂಳೆಯಿಲ್ಲ. ಒಂದು ಪೈರು ಕೊಯ್ದ ಕೂಡಲೇ ಇನ್ನೊಂದಕ್ಕೆ ಕೆಸರು ಕಲಸುತ್ತಿದ್ದರು. ಉಳಿದದ್ದು ಬೆಟ್ಟ. ಅದೇ ವರ್ಷ ಬೆಟ್ಟದ ಬುಡದಲ್ಲಿ ಸರ್ಕಾರದ ಗಡಿಕಲ್ಲು ನೆಟ್ಟರು. ಚಾವಡಿಯ ಕಂಬಕ್ಕೆ ಇಂಗ್ಲಿಷಿನಲ್ಲಿ ಒಂದು ಕಾಗದ ಅಂಟಿಸಿ ಹೋದರು. ಊರಿನಲ್ಲಿ ಅದನ್ನು ಓದಬಲ್ಲವನು ನಾನೊಬ್ಬನೇ. ಅಡ್ಡಾಡಿ ಸವೆಯುತ್ತಿದ್ದ ನನ್ನ ಕಾಲಿಗೆ ಆ ದಿನ ಎಂಥ ಠೀವಿ ಬಂತು ಅಂತೀರಿ!

ಕಾಗದದ ಒಕ್ಕಣೆ ಇಷ್ಟು: ಹಾಲಿನ ಹಸು ಅಥವಾ ಏರಿನ ಎತ್ತು ಆಗಿದ್ದು, ಮತ್ತು ಬೆಟ್ಟದಂಚಿನ ಊರಿನವರದಾಗಿದ್ದು, ಮತ್ತು ಮಾರಾಟಕ್ಕೆ ಸಾಗಿಸುವಂಥದು ಅಲ್ಲದಿದ್ದರೆ, ಅಂಥ ದನವನ್ನು ಕಾಡಿನಲ್ಲಿ ಮೇಯಿಸಬಹುದು. ಅಥವಾ, ಮತ್ತು, ಮತ್ತು, ಅಲ್ಲ! ಮೂರೂ ಮೊಳೆ ಅಲ್ಲೇ ಇದ್ದವು. ನಾನು ಓಡಿಹೋಗಿ ಅಪ್ಪತ್ತಾಳ ನಾಲ್ಕು ಬಳೆ ತಂದೆ. ಚಾವಡಿಯ ನೆಲದ ಮೇಲೆ ಬೂದಿ ಹರಡಿ ಬಳೆಯೊತ್ತಿ ಗುರುತು ಮಾಡಿದೆ. ಹಾಲಿನ ಹಸುವಿಗೆ ಒಂದು, ಏರಿನ ಎತ್ತಿಗೆ ಒಂದು. ಹಸುವೂ ಎತ್ತೂ ಒಂದೇ ಆಗಲಾರದ್ದರಿಂದ ಅವೆರಡೂ ದೂರ ದೂರ. ಊರಿನ ದನಕ್ಕೆ ಒಂದು ಬಳೆ, ಎರಡಕ್ಕೂ ಅಡ್ಡಲಾಗಿ. ಮಾರಾಟದ ದನಕ್ಕೆ ಒಂದು, ಅಂಚಿನಲ್ಲಿ. ಹದಿನಾರು ಕೋಣೆಯ ಗೋಳೇ ಇಲ್ಲ. ಲೋಕದಲ್ಲಿ ಇಲ್ಲದ ಕೋಣೆಯನ್ನು ಬರೆಯಬೇಕಾಗಿಲ್ಲ. ಬಿಡಬಹುದಾದ ದನದ ಜಾಗಕ್ಕೆ ಅರಿಸಿನ ಉದುರಿಸಿದೆ. ಎಂಥ ಚೆಂದ ಬಂದಿತ್ತು ಅದು. ದೊಡ್ಡವರೆಲ್ಲ ರಂಗೋಲಿ ನೋಡಿದಂತೆ ಬಗ್ಗಿ ನೋಡಿದರು.

ಬೊಮ್ಮಯ್ಯ ಮಾಮ ಮಾತ್ರ ಬಹಳ ಹೊತ್ತು ನೋಡಿ ಕೇಳಿದ: "ನಮ್ಮ ತಂಬಿರಾನ್ ದನ ಎಲ್ಲಿ ಐತೆ ರಂಗಾ ಇದರಾಗೆ?"

ನನ್ನ ಬೆರಳು ಬೂದಿಯ ಮೇಲೆ ಅಲೆಯಿತು. ಹಾಲಿನ ಬಳೆಯಲ್ಲಿ ಇಲ್ಲ, ಕರೆಯುವುದಿಲ್ಲವಲ್ಲ. ಏರಿನ ಬಳೆಯಲ್ಲಿ ಇಲ್ಲ, ಹೂಡುವುದಿಲ್ಲವಲ್ಲ. ಮಾರಾಟದ ಬಳೆಯಲ್ಲೂ ಇಲ್ಲ. ಊರಿನ ಬಳೆಯಲ್ಲಿ ಸೇರಿಸೋಣವೆಂದರೆ ಅವು ಊರಿನವರದಲ್ಲ, ದೇವರದು. ಇರುವ ಗೆರೆಗಳನ್ನೆಲ್ಲ ತಡವಿ ಬೆರಳು ಹೊರಗೆ ಬಂದು ನಿಂತಿತು. ಹೊರಗೆ ಬರೀ ಚಾವಡಿಯ ನೆಲ. ಓದಿದವನು ಅಷ್ಟು ಜನರ ಮುಂದೆ ಸೋಲುವುದುಂಟೆ? "ಹಸು ಅಂದ್ಮೇಲೆ ಹಾಲಿನ ಹಸು ತಾನೇ ಮಾಮ? ಇಲ್ಲೇ ಸೇರಿಸಿಬಿಡೋಣ" ಎಂದು ಒಂದು ಚಿಟಿಕೆ ಕುಂಕುಮ ತೆಗೆದು ಹಾಲಿನ ಬಳೆಯೊಳಗೆ ಉದುರಿಸಿದೆ. ಅದರಂತೆಯೇ ಅರ್ಜಿ ಬರೆದೆ: ನಮ್ಮ ಊರಿನ ಹಾಲು ಕರೆಯುವ ಹಸುಗಳ ಮಂದೆಯನ್ನು ಬೆಟ್ಟಕ್ಕೆ ಬಿಡಬೇಕು ಎಂದು. ಇಂಗ್ಲಿಷ್ ಬಹಳ ಸೊಗಸಾಗಿತ್ತು. ನಮ್ಮ ಜನದಲ್ಲಿ ಹುಟ್ಟಿದ ಯಾವ ಮಗುವೂ ಮಾಡದ ತಪ್ಪು ಅದು. ಅದನ್ನು ಮಾಡಲು ಮಧುರೆಗೆ ಹೋಗಿ ಓದಿಬರಬೇಕಾಯಿತು.

ಬೊಮ್ಮಯ್ಯ ಮಾಮ ಕಂಬಳಿ ಹೆಗಲಿಗೆಸೆದು ದೊಡ್ಡಿಗೆ ಹೋದ. ಕಾಗದದವರ ಕೆಲಸ ಕಾಗದದವರಿಗೆ ಗೊತ್ತು ಎಂದು ನಂಬಿದ. ಅವನು ನಂಬಿದನೆಂಬುದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ದಿನ ಹೋದವು. ಬದುವಿನ ಹುಲ್ಲು ಒಣಗಿತು. ಕೊನೆಗೆ ಕಾಡಿನ ರೇಂಜರು ಕುದುರೆಯೇರಿ ಬಂದರು. ಕೆಟ್ಟವರಲ್ಲ, ಕೆಂಡದಂಥ ಬಿಸಿಲಲ್ಲಿ ಬಂದು ಬಸವಳಿದ ಮನುಷ್ಯ. ದೊಡ್ಡಿಯ ಪಕ್ಕದ ಹುಣಸೆಯ ಬೇರಿನ ಮೇಲೆ ಕೂತು ಮುಖ ಒರೆಸಿಕೊಂಡು, "ಮೊದಲು ಕುಡಿಯೋಕೆ ಒಂದಿಷ್ಟು ಮೋರು ಕೊಡಿ" ಎಂದು ತಮಿಳಿನಲ್ಲಿ ಕೇಳಿದರು. ಮೋರು ಎಂದರೆ ಮಜ್ಜಿಗೆ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಯಾರದೋ ಮನೆಯಿಂದ ತರಲು ಹೇಳಿಕಳಿಸಿದಾಗ ಅವರ ಹುಬ್ಬು ಮೇಲೇರಿತು. ಅರ್ಜಿಯನ್ನು ಜೇಬಿನಿಂದ ತೆಗೆದರು. "ಇಷ್ಟು ಹಾಲಿನ ಹಸು ಇದೆ ಅಂತ ಬರೆದಿದೀಯ ತಂಬಿ. ಮಜ್ಜಿಗೆಗೆ ಊರೊಳಗೆ ಯಾಕೆ ಹೋಗ್ತಾರೆ? ಒಂದು ಹಸು ಕರೆದು ತೋರಿಸು. ಈಗಲೇ ಸಹಿ ಹಾಕ್ತೀನಿ."

ಅದು ಆಗದ ಮಾತೆಂದು ಅಲ್ಲಿ ನಿಂತ ನಮ್ಮವರಾರಿಗೂ ವಿವರಿಸಬೇಕಾಗಿರಲಿಲ್ಲ. ಕರೆದರೆ ದೇವರ ಮೇಲೆ ಕೈ ಹಾಕಿದ ಹಾಗೆ. ಕರೆಯದಿದ್ದರೆ ಮಂದೆಗೆ ಹುಲ್ಲಿಲ್ಲ. ಬೊಮ್ಮಯ್ಯ ಮಾಮ ನನ್ನ ಕಡೆ ಒಮ್ಮೆ ತಿರುಗಿ ನೋಡಿದ. ಸಿಟ್ಟಿನ ನೋಟವಲ್ಲ, ಅದಾಗಿದ್ದರೆ ತಡೆದುಕೊಳ್ಳುತ್ತಿದ್ದೆ; ದಾರಿ ತಪ್ಪಿದ ಕರುವನ್ನು ನೋಡುವ ನೋಟ. ಆಮೇಲೆ ಹೋಗಿ ಒಂದು ಎಳೆಗರುವಿನ ಹಗ್ಗ ಬಿಚ್ಚಿದ. ಕರು ಓಡಿಹೋಗಿ ತಾಯಿಯ ಕೆಚ್ಚಲಿಗೆ ಗುದ್ದಿತು. ಕುಡಿದು ಮುಖ ಎತ್ತಿದಾಗ ಬಾಯಿಯ ಸುತ್ತ ಬೆಳ್ಳನೆ ನೊರೆ. ಮಾಮ ಅದನ್ನು ಒಂದು ಬೆರಳಿನಲ್ಲಿ ಒರೆಸಿ ರೇಂಜರಿಗೆ ತೋರಿಸಿದ. "ಹಾಲೈತೆ ಸಾಮಿ. ನಾವು ಕರಿಯಕ್ಕಿಲ್ಲ. ಕರಿಯೋರು ಯಾರು ಅಂತ ನಿಮ್ಮ ಕಾಗಿದದಾಗೆ ಬರೆದೈತಾ?"

ರೇಂಜರು ಕಾಗದ ನೋಡಿದರು. ಬರೆದಿರಲಿಲ್ಲ. ಹಾಲಿನ ಹಸುವೆಂದರೆ ಕರೆಯುವ ಹಸುವೇ ಎಂದು ಎರಡನ್ನೂ ಒಂದೇ ಬಳೆ ಮಾಡಿದವನು ನಾನು. ಕಾಗದ ಕೇಳಿದ್ದು ಹಾಲು. ಕರೆಯುತ್ತೇವೆಂಬ ಸುಳ್ಳು ನನ್ನದು. ರೇಂಜರು ತಲೆಯಾಡಿಸಿ, "ಸರಿ. ಹಾಲಿರೋ ಹಸು, ಅದರ ಕರು, ಇವು ಹೋಗಲಿ. ಮಿಕ್ಕಿದ್ದು ಇಲ್ಲ. ಆ ಮುದಿ ಹೋರಿ ಹಾಲು ಕೊಡುತ್ತಾ? ಏರು ಹೂಡುತ್ತಾ? ಅದಕ್ಕೆ ಕಾಗದದಲ್ಲಿ ಜಾಗ ಇಲ್ಲ" ಎಂದು ಸಹಿ ಹಾಕಿ, ಮಜ್ಜಿಗೆ ಕುಡಿದು ಕುದುರೆ ಹತ್ತಿದರು.

ಜಾಗವಿಲ್ಲದ್ದು ಪಟ್ಟದ ಹೋರಿಗೆ! ಮರುದಿನ ಬೆಳಿಗ್ಗೆ ಮಾಮ ಹಸುಗಳನ್ನೂ ಕರುಗಳನ್ನೂ ಗಡಿಕಲ್ಲಿನವರೆಗೆ ನಡೆಸಿದ. ಅಲ್ಲಿಗೆ ಹೋಗಿ ಅವು ನಿಂತವು. ಹಿಂತಿರುಗಿ ನೋಡಿದವು. ಒಂದು ಕೂಗಿತು. ಹೋರಿ ಬರಲಿಲ್ಲವೆಂದು ಖಾತ್ರಿಯಾದ ಮೇಲೆ ಒಂದೊಂದೇ ತಿರುಗಿ ದೊಡ್ಡಿಗೆ ನಡೆದವು. ಅದರ ಮರುದಿನವೂ ಹಾಗೆಯೇ. ಕಣ್ಣೆದುರು ಹುಲ್ಲಿದೆ, ಕೈಯಲ್ಲಿ ಕಾಗದವಿದೆ, ಮಂದೆಗೆ ಹಸಿವಿದೆ. ಕಟ್ಟಳೆಯಂತೆ ಕಿಲಾರಿ ಅನ್ನ ಮುಟ್ಟಲಿಲ್ಲ, ಬರೀ ನೀರು ಕುಡಿದ. ಸಂಜೆ ಅವನ ಮಗಳು ಮಡಕೆ ಹೊತ್ತು ನಮ್ಮ ಮನೆಯ ಮುಂದೆ ಹೋಗುವಳು, ಅದೇ ಮಡಕೆಯನ್ನು ತುಂಬಿದ್ದಂತೆಯೇ ಹೊತ್ತು ವಾಪಸು ಬರುವಳು. ನಮ್ಮ ಜಗಲಿಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ನಾನು ಬಾಗಿಲ ಹಿಂದೆ ನಿಂತು ಮಡಕೆ ಎಷ್ಟು ಭಾರವಿದೆಯೆಂದು ಅವಳ ಕತ್ತಿನಲ್ಲಿ ನೋಡುತ್ತಿದ್ದೆ. ಕೂರಲಾರೆ, ನಿಲ್ಲಲಾರೆ. ನನ್ನ ಒಂದು ಚಿಟಿಕೆ ಕುಂಕುಮದಿಂದ ಒಬ್ಬ ಮನುಷ್ಯ ಉಪವಾಸ ಬಿದ್ದಿದ್ದ.

ಮೂರನೆಯ ದಿನ ತಡೆಯಲಾರದೆ ದೊಡ್ಡಿಗೆ ಹೋದೆ. ಮಾಮ ಹೋರಿಯ ಪಕ್ಕ ಕೂತಿದ್ದ. ಹೋರಿಯ ಪಕ್ಕೆಲುಬು ಎಣಿಸಬಹುದಾಗಿತ್ತು. ಅವನದೂ. ನಾನು, "ತಪ್ಪಾಯ್ತು ಮಾಮ" ಎಂದೆ. ಅವನು ಅದನ್ನು ಕೇಳಿಸಿಕೊಂಡಂತೆ ತೋರಲಿಲ್ಲ. "ಆವತ್ತು ಬೂದಿಯಾಗೆ ಬರೆದಿಯಲ್ಲ, ಅದನ್ನ ಇನ್ನೊಂದು ದಪ ಬರಿ" ಎಂದ. ಧೂಳಿನಲ್ಲಿ ಬರೆದೆ. ಬಳೆ ತಂದಿರಲಿಲ್ಲ; ವೃತ್ತಗಳು ಆಲೂಗಡ್ಡೆಯಂತೆ ಬಂದವು.

"ಇದು ಹಾಲಿನದು, ಇದು ಏರಿನದು, ಇದು ಊರಿನದು, ಇದು ಮಾರೋದು. ಸರಿ ತಾನೇ? ಇದಕ್ಕೆ ಬೇಲಿ ಎಲ್ಲಿ?"

"ಬೇಲಿ ಯಾತಕ್ಕೆ ಮಾಮ?"

"ಏನ್ ರಂಗಾ ಹಿಂಗಂತೀಯ? ದೊಡ್ಡಿಗೆ ಬೇಲಿ ಹಾಕದೆ ಒಳಗೆ ಕರೂಗೆ ಒಂದು ಗೂಡು, ಹಸೂಗೆ ಒಂದು ಗೂಡು ಯಾರಾನಾ ಕಟ್ತಾರಾ? ಗೂಡಿನಾಗೆ ಇಲ್ಲದ್ದೆಲ್ಲ ಕಳೆದೋದಂಗೆ ಅಂತ ತಿಳ್ಕೊಂಡಿದೀಯ ನೀನು." ಹೀಗೆಂದು ಕೋಲಿನ ತುದಿಯಿಂದ ನನ್ನ ನಾಲ್ಕೂ ವೃತ್ತಗಳ ಸುತ್ತ ಒಂದು ದೊಡ್ಡ ಚೌಕ ಎಳೆದ. ಆಮೇಲೆ ವೃತ್ತಗಳ ಹೊರಗೆ, ಚೌಕದ ಒಳಗೆ, ಖಾಲಿ ಬಿದ್ದಿದ್ದ ನೆಲದ ಮೇಲೆ ಕೋಲನ್ನು ಊರಿದ. "ನನ್ನ ಸಾಮಿ ಇಲ್ಲಿ ಅವ್ನೆ."

ಆ ರಾಜಕುಮಾರಿಯ ಪಂಡಿತ ಹೊರಗಿನ ಗೆರೆ ಬರೆದಿರಲಿಲ್ಲ. ನಮ್ಮ ಮೇಷ್ಟ್ರೂ ಬರೆಯಲಿಲ್ಲ. ನನಗೆ 'ಅಲ್ಲ' ಎಂದರೆ ಕಾಗದದ ಅಂಚು, ಆಮೇಲೆ ಹಾಸ್ಟೆಲಿನ ಗೋಡೆ, ಆಮೇಲೆ ಶೂನ್ಯ. ಹಾಲಲ್ಲ, ಏರಲ್ಲ, ಊರಲ್ಲ, ಮಾರಾಟವಲ್ಲ ಎಂದು ನಾಲ್ಕು ಸಲ 'ಅಲ್ಲ' ಅಂದರೆ ಏನೂ ಉಳಿಯುವುದಿಲ್ಲವೆಂದುಕೊಂಡಿದ್ದೆ. ನಾಲ್ಕು 'ಅಲ್ಲ'ಗಳ ಆಚೆ ಒಂದು ಹೋರಿ ಉಸಿರಾಡುತ್ತ ನಿಂತಿತ್ತು. ಎರಡು ಕೋಣೆ ಕಳೆದುಹೋದವೆಂದು ಊಟ ಬಿಟ್ಟವನು ನಾನು. ಹೊರಗಿನ ಕೋಣೆಯನ್ನು ಲೆಕ್ಕಕ್ಕೆ ಹಿಡಿದಿದ್ದೆ; ಎಲ್ಲಕ್ಕಿಂತ ದೊಡ್ಡದಾದ ಅದರಲ್ಲಿ ಯಾರಾದರೂ ಇದ್ದಾರೆಂದು ಎಣಿಸಿರಲಿಲ್ಲ.

ಅಲ್ಲೇ ಕೂತು ಹೊಸ ಅರ್ಜಿ ಬರೆದೆ. ಸೊಗಸು ಮಾಡಲಿಲ್ಲ. ಮೊದಲ ಅರ್ಜಿಯಲ್ಲಿ ಬರೆದದ್ದು ಸುಳ್ಳು, ಬರೆದವನು ನಾನು, ಮಂದೆಯವರದು ತಪ್ಪಿಲ್ಲ ಎಂದು ಮೊದಲೇ ಬರೆದೆ. ಈ ದನಗಳನ್ನು ನಾವು ಕರೆಯುವುದಿಲ್ಲ, ಹೂಡುವುದಿಲ್ಲ, ಮಾರುವುದಿಲ್ಲ, ನಮ್ಮವೆನ್ನುವುದೂ ಇಲ್ಲ. ಇಂಥವಕ್ಕೆ ನಿಮ್ಮ ಕಾಗದದಲ್ಲಿ ಒಂದು ಮಾತೂ ಇಲ್ಲ, ದಯವಿಟ್ಟು ಒಂದು ಮಾತು ಬರೆಯಿರಿ ಎಂದೆ. ಕೆಳಗೆ ಚಿತ್ರವನ್ನೂ ಬರೆದೆ, ಬೇಲಿಯ ಸಮೇತ. ಟಪಾಲಿಗೆ ಹಾಕಿ ಕಾಯುವಷ್ಟು ಪುರುಸೊತ್ತು ಹೋರಿಗಿರಲಿಲ್ಲ. ಸಿಕ್ಕಿದ ಗಾಡಿ ಹತ್ತಿ ತೇನಿ ದಾಟಿ, ನಿಲಕ್ಕೋಟ್ಟೈಯಲ್ಲಿ ಎತ್ತು ಬದಲಿಸುವ ತನಕವೂ ತಾಳ್ಮೆಯಿಲ್ಲದೆ ಇಳಿದು ಮುಂದೆ ಮುಂದೆ ನಡೆಯುತ್ತ, ಹಿಂದಿನಿಂದ ಬಂದ ಗಾಡಿ ನನ್ನನ್ನು ಹತ್ತಿಸಿಕೊಳ್ಳುತ್ತ, ದಿಂಡಿಗಲ್ ಸೇರಿದೆ. ಅಲ್ಲಿ ರೇಂಜರಿಗೂ ಮೇಲಿನ ದೊರೆಯ ಕಚೇರಿ.

ಜಗಲಿಯಲ್ಲಿ ಒಂದು ದಿನವೆಲ್ಲ ಕೂರಿಸಿದರು. ಕೂರಿಸಿದರು ಎಂದರೆ ನಾನು ಕೂತೆನೆಂದಲ್ಲ. ನಾನು ಹೆಜ್ಜೆ ಹಾಕಿದ ಹಾಕಿಗೆ ಜವಾನನಿಗೆ ತಲೆ ತಿರುಗಿ ಕೊನೆಗೆ ಒಳಗೆ ಬಿಟ್ಟನೆಂದು ಕಾಣುತ್ತದೆ. ದೊರೆ ಅರ್ಜಿ ಓದಿದ. ಚಿತ್ರದ ಹತ್ತಿರ ನಿಂತ. ಅವನೂ ಎಂದೋ ತರ್ಕ ಓದಿದ್ದನೋ ಏನೋ, ಕಣ್ಣಿನಂಚಿನಲ್ಲಿ ಒಂದು ಗೆರೆ ಮೂಡಿತು. ಬೆರಳಿನಿಂದ ಚೌಕ ತೋರಿಸಿ ಇದೇನೆಂದು ಕೇಳಿದ. "ಬೇಲಿ ಸಾರ್. ದನ ಕಾಯುವವನು ಹಾಕಿದ್ದು" ಎಂದೆ. ಅವನು ಸ್ವಲ್ಪ ಹೊತ್ತು ಆ ಖಾಲಿ ಜಾಗವನ್ನೇ ನೋಡಿ ಗುಮಾಸ್ತರನ್ನು ಕರೆದ. ಗುಮಾಸ್ತರು ಒಂದು ದೊಡ್ಡ ರಿಜಿಸ್ಟರು ತಂದರು. ಹಸು, ಎತ್ತು, ಎಮ್ಮೆ, ಕತ್ತೆ ಎಂದು ಸಾಲು ಸಾಲು ಇಳಿದು ಎಲ್ಲಕ್ಕೂ ಕೆಳಗೆ ಒಂದು ಸಾಲಿತ್ತು: 'ಇತರೆ'. ಗುಮಾಸ್ತರು ಲೇಖನಿ ಅದ್ದಿ ಅಲ್ಲಿ ನಮ್ಮ ಮಂದೆಯನ್ನು ಬರೆದರು. ಅದರ ನಕಲಿಗೆ ದೊರೆ ಸಹಿ ಹಾಕಿ ನನ್ನ ಕೈಗೆ ಕೊಟ್ಟ. ನಾಲ್ಕು ವರ್ಷದ ನನ್ನ ತರ್ಕವೆಲ್ಲ ಸೇರಿ ಕೊನೆಗೆ ಹೋಗಿ ತಲುಪಿದ್ದು ಗುಮಾಸ್ತರಿಗೆ ಮೊದಲೇ ಗೊತ್ತಿದ್ದ ಒಂದು ಸಾಲಿಗೆ.

ಊರಿಗೆ ಬಂದಾಗ ಬೆಳಗಿನ ಬಿಸಿಲು. ನೇರವಾಗಿ ದೊಡ್ಡಿಗೆ ಓಡಿದೆ. ಮಾಮ ಬೇಲಿಯ ಗೂಟ ಹಿಡಿದು ಎದ್ದು ನಿಂತ. ಕಾಗದ ಬಿಡಿಸಿ ತೋರಿಸಿದೆ.

"ಸಾಮಿ ಎಲ್ಲಿ ಇದರಾಗೆ?"

"ಇಲ್ಲಿ ಮಾಮ. ಇತರೆ."

"ಅಲ್ಲಿ ಬೇರೆ ಯಾರಿದಾರೆ?"

ರಿಜಿಸ್ಟರಿನಲ್ಲಿ ಕಣ್ಣಿಗೆ ಬಿದ್ದದ್ದನ್ನು ಹೇಳಿದೆ: ಯಾವುದೋ ಕೋವಿಲಿನ (ಗುಡಿಯ) ಒಂದು ಆನೆ, ದಾರಿಯಲ್ಲಿ ಬಂದ ಯಾರದೋ ಎರಡು ಒಂಟೆ. ಮಾಮ ಯೋಚನೆ ಮಾಡಿ, "ಪರವಾಯಿಲ್ಲ. ದೊಡ್ಡ ಮನುಷ್ಯರೇ ಇದಾರೆ" ಎಂದ.

ಹೋರಿಯನ್ನು ಯಾರೂ ಅಟ್ಟುವಂತಿಲ್ಲವಲ್ಲ. ದೊಡ್ಡಿಯ ಬಾಗಿಲು ತೆಗೆದು ನಿಂತೆವು. ಬಹಳ ಹೊತ್ತು ಅದು ಹೊರಡಲಿಲ್ಲ. ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಕಬ್ಬು ತರಲೇ, ಕೂಗಲೇ ಎಂದು ಚಡಪಡಿಸಿದೆ. ಮಾಮ ನನ್ನ ರಟ್ಟೆ ಹಿಡಿದು, "ಚುಮ್ಮಾ ಇರು" ಎಂದ. ಸುಮ್ಮನಿದ್ದೆ. ಜನ್ಮದಲ್ಲಿ ನಾನು ನಿಜವಾಗಿ ಸುಮ್ಮನಿದ್ದದ್ದು ಆ ಹೊತ್ತೊಂದೇ. ಹೋರಿ ಮೂಗು ಅರಳಿಸಿತು, ಕಿವಿ ಬಡಿಯಿತು, ಒಂದು ಹೆಜ್ಜೆ ಇಟ್ಟಿತು. ಆಮೇಲೆ ಅರಸನ ನಡಿಗೆಯಲ್ಲಿ ಗಡಿಕಲ್ಲಿನವರೆಗೆ ಹೋಗಿ, ಅದನ್ನು ಮೂಸಿ ನೋಡಿ, ಕೊರಳನ್ನು ಅದಕ್ಕೆ ಒಂದಿಷ್ಟು ಉಜ್ಜಿಕೊಂಡು ದಾಟಿತು. ಹಿಂದೆ ಇಡೀ ಮಂದೆ. ಆ ಸಂಜೆ ಮಾಮನ ಮಗಳು ಮಡಕೆ ಹೊತ್ತು ಬೆಟ್ಟದ ಬುಡಕ್ಕೆ ಹೋದಳು. ವಾಪಸು ಬರುವಾಗ ಮಡಕೆಯನ್ನು ಬೋರಲಾಗಿ ಕಂಕುಳಲ್ಲಿ ಸಿಕ್ಕಿಸಿಕೊಂಡಿದ್ದಳು. ನಮ್ಮ ಜಗಲಿಯ ಮುಂದೆ ನಿಂತು ನನ್ನನ್ನು ನೋಡಿದಳು. ನಾನು ಅತ್ತುಬಿಟ್ಟೆ.

ಅವಳೇ ಈಗ ನನ್ನನ್ನು ಹಿಟ್ಟಿನ ಹರಿವಾಣದ ಹತ್ತಿರ ಕೂರಗೊಡದವಳು. ಬೊಮ್ಮಯ್ಯ ಮಾಮ ಮಾವನಾಗಿ ಬಹಳ ವರ್ಷ ಬಾಳಿದ. ನಾನು ಗುಮಾಸ್ತನಾಗಲಿಲ್ಲ, ರೈತನಾಗಲಿಲ್ಲ. ಊರವರ ಅರ್ಜಿ ಬರೆಯುತ್ತ, ಬರೆಯುವ ಮುಂಚೆ ಹತ್ತು ಸಲ ಕೇಳುತ್ತ ಕಾಲ ಕಳೆದೆ. ಯಾರಾದರೂ ನನ್ನ ಕೆಲಸವೇನೆಂದು ಕೇಳಿದರೆ ಒಂದೇ ಮಾತಿನಲ್ಲಿ ಉತ್ತರ ಕೊಡುತ್ತೇನೆ. ಆ ಮಾತು ಯಾವುದೆಂದು ನಿಮಗೆ ಗೊತ್ತು.

ಬೆರಳಿನ ಚಾಳಿ ಮಾತ್ರ ಬಿಡಲಿಲ್ಲ. ನಿನ್ನೆ ಅವಳು ನೀರು ತರಲು ಎದ್ದುಹೋದಾಗ ಹರಿವಾಣದ ಹಿಟ್ಟಿನಲ್ಲಿ ಮೊದಲು ಒಂದು ಚೌಕ, ಆಮೇಲೆ ಒಳಗೆ ನಾಲ್ಕು ವೃತ್ತ ಬರೆದಿಟ್ಟಿದ್ದೆ. ಬಂದು ನೋಡಿದಳು. ಬೈಯುತ್ತಲೇ ಅಂಗೈಯಿಂದ ವೃತ್ತಗಳನ್ನು ಒಂದೊಂದಾಗಿ ಅಳಿಸಿದಳು. ಅಂಚಿನ ಚೌಕದ ಹತ್ತಿರ ಕೈ ಬಂದಾಗ ಒಂದು ಗಳಿಗೆ ತಡೆದು, ಅದನ್ನು ಹಾಗೆಯೇ ಬಿಟ್ಟು, ಅದರೊಳಗೇ ನೀರು ಹಾಕಿ ಹಿಟ್ಟು ಕಲಸತೊಡಗಿದಳು.